ಹಳೇ ಬಲ್ಬಿನ ಬೆಳಕೇ ಚೆನ್ನಾಗಿತ್ತಾ?

ಪ್ರಶ್ನೆ: ನಾನು ಮಂಡ್ಯದಲ್ಲಿ ಟೀಚರ್. ಪಾಂಡವಪುರದ ಹತ್ತಿರ ಮಾವನವರ ಹಳೇ ತೊಟ್ಟಿ ಮನೆಯನ್ನು ರಿಪೇರಿ ಮಾಡಿಸುತ್ತಿದ್ದೇವೆ. ಅಲ್ಲಿ ಎಲ್‌ಇಡಿ ಬಲ್ಬು ಹಾಕಿದರೆ ಆರು ತಿಂಗಳೂ ಬಾಳುವುದಿಲ್ಲ. ಮೈಸೂರಿನಲ್ಲಿ ಮೆಚ್ಚಿ ತಂದ ಮೆರೂನ್ ರೇಷ್ಮೆ ಸೀರೆ ಮನೆಯ ದೀಪದಲ್ಲಿ ಕಂದು ಬಣ್ಣ ಕಾಣುತ್ತದೆ ಅಂತ ಅತ್ತೆಗೆ ಬೇಜಾರು. ಮಾವನವರಿಗೆ ಎಪ್ಪತ್ತೆರಡು ವರ್ಷ. ರಾತ್ರಿ ಪೇಪರ್ ಓದಿದರೆ ತಲೆನೋವು ಅನ್ನುತ್ತಾರೆ. "ಹಳೇ ಬಲ್ಬೇ ಚೆನ್ನಾಗಿತ್ತು ಕಣಮ್ಮ" ಅನ್ನೋದು ಅವರ ಮಾತು. ಇದು ನಿಜವೋ, ಬರೀ ಅಭ್ಯಾಸವೋ? ಹೊಸದಾಗಿ ಯಾವ ದೀಪ ಹಾಕಿಸಲಿ? ಅಟ್ಟದ ಮೇಲೆ ಒಂದು ಹಿತ್ತಾಳೆ ಗ್ಯಾಸ್‌ಲೈಟೂ ಸಿಕ್ಕಿದೆ. ಅದನ್ನೇನು ಮಾಡೋದು?

ಉತ್ತರ: ನಿಮ್ಮ ಮಾವನವರ ಮಾತು ಮುಕ್ಕಾಲು ಪಾಲು ನಿಜ. ಹಾಗಂತ ಹಳೇ ಬಲ್ಬು ಹುಡುಕಿಕೊಂಡು ಹೋಗಬೇಡಿ. ಆ ಬಲ್ಬಿನಲ್ಲಿ ಏನು ಚೆನ್ನಾಗಿತ್ತು ಅಂತ ತಿಳಿದುಕೊಂಡರೆ ಸಾಕು. ಅದನ್ನೇ ಹೊಸ ದೀಪದಲ್ಲೂ ಕೇಳಿ ತರಬಹುದು. ನಾನು ಮೈಸೂರಿನಲ್ಲಿ ಮನೆ, ಅಂಗಡಿ, ಛತ್ರಗಳಿಗೆ ದೀಪದ ಕೆಲಸ ಮಾಡಿಕೊಂಡು ಬಂದವನು. ಗಿರಾಕಿಗಳು ಮೊದಲು ಕೇಳುವುದು "ಎಷ್ಟು ವ್ಯಾಟ್ ಹಾಕಲಿ?" ಅಂತಲೇ. ವ್ಯಾಟ್ ಅಂದರೆ ಬಲ್ಬು ಎಷ್ಟು ಕರೆಂಟು ತಿನ್ನುತ್ತದೆ ಅನ್ನುವ ಲೆಕ್ಕ. ಎಷ್ಟು ಬೆಳಕು ಕೊಡುತ್ತದೆ, ಎಂಥ ಬೆಳಕು ಕೊಡುತ್ತದೆ ಅನ್ನೋದು ಬೇರೆಯೇ ಲೆಕ್ಕ.

ಸ್ವಲ್ಪ ಹಿಂದಕ್ಕೆ ಹೋಗೋಣ.

ಹಣತೆಯ ಬೆಳಕು ಎಲ್ಲಿಂದ ಬರುತ್ತದೆ ಗೊತ್ತಾ? ಬತ್ತಿ ಉರಿಯುವಾಗ ಎಣ್ಣೆಯಿಂದ ಹುಟ್ಟುವ ಕಣ್ಣಿಗೆ ಕಾಣದಷ್ಟು ಸಣ್ಣ ಮಸಿಯ ಕಣಗಳು ಕೆಂಡದ ಹಾಗೆ ಕಾಯುತ್ತವೆ. ನಾವು ನೋಡುವ ಹಳದಿ ಬೆಳಕು ಆ ಕಾದ ಮಸಿಯದು. ಗೋಡೆಗೆ ಹತ್ತುವ ಕಪ್ಪೂ ಅದೇ. ಹರಳೆಣ್ಣೆ, ಹೊಂಗೆ ಎಣ್ಣೆ, ಹಿಪ್ಪೆ ಎಣ್ಣೆ ಯಾವುದು ಹಾಕಿದರೂ ಇದೇ ಕಥೆ. 1850ರ ದಶಕದಲ್ಲಿ ಸೀಮೆಎಣ್ಣೆ ಬಂತು. ಆಮೇಲೆ ಬುಡ್ಡಿ, ಚಿಮಣಿ, ಲಾಟೀನು ಬಂದವು. ಎಣ್ಣೆ ಬದಲಾಯಿತು, ಗಾಜು ಸೇರಿತು, ಗಾಳಿಗೆ ಆರುವುದು ಕಮ್ಮಿಯಾಯಿತು. ಬೆಳಕು ಮಾತ್ರ ಕಾದ ಮಸಿಯದೇ. ದಸರಾ ಮುಗಿಯುವ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ನೀವು ನೋಡೋದೂ ಅದನ್ನೇ.

ಎಡಿಸನ್ 1879ರಲ್ಲಿ ಮಾಡಿದ್ದು ಇದನ್ನೇ ಗಾಜಿನ ಬುರುಡೆಯೊಳಗೆ. ಇಂಗ್ಲೆಂಡಿನ ಜೋಸೆಫ್ ಸ್ವಾನ್ ಕೂಡ ಅದೇ ಹೊತ್ತಿನಲ್ಲಿ ಅದೇ ದಾರಿ ಹಿಡಿದಿದ್ದರು. ಇಂಗಾಲದ ಎಳೆಗೆ ಕರೆಂಟು ಹರಿಸಿ ಕಾಯಿಸುವುದು, ಗಾಳಿ ತೆಗೆದಿರುವುದರಿಂದ ಅದು ಉರಿದು ಹೋಗದಂತೆ ನೋಡಿಕೊಳ್ಳುವುದು. ಆಮೇಲೆ ಇಂಗಾಲ ಹೋಗಿ ಟಂಗ್‌ಸ್ಟನ್ ತಂತಿ ಬಂತು. ಟಂಗ್‌ಸ್ಟನ್ ಸುಲಭಕ್ಕೆ ಕರಗುವುದಿಲ್ಲ. ಜಾಸ್ತಿ ಕಾಯಿಸಬಹುದು, ಜಾಸ್ತಿ ಬೆಳಕು ಪಡೆಯಬಹುದು. 1913ರಲ್ಲಿ ಅಮೆರಿಕದ ವಿಜ್ಞಾನಿ ಲ್ಯಾಂಗ್‌ಮ್ಯೂರ್ ಬುರುಡೆಯೊಳಗೆ ಉರಿಸದ ಗ್ಯಾಸ್ ತುಂಬಿದರು. ತಂತಿ ಸವೆಯೋದು ನಿಧಾನವಾಯಿತು. ನಿಮ್ಮ ಮಾವನವರು ಹೇಳುವ ಬಲ್ಬು ಇದೇ.

ಇಲ್ಲಿ ನಿಮ್ಮ ಜಿಲ್ಲೆಯ ಕಥೆ ಹೇಳದೆ ಮುಂದಕ್ಕೆ ಹೋಗಲಾರೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಕರೆಂಟು ತೆಗೆಯಲು ಶುರು ಮಾಡಿದ್ದು 1902ರಲ್ಲಿ. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಹಿಡಿದ ಹಟ ಅದು. ಆದರೆ ಆ ಕರೆಂಟು ಮೊದಲು ಹೋಗಿದ್ದು ಸುಮಾರು 90 ಮೈಲಿ ಆಚೆಗಿನ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. 1912ರಲ್ಲಿ ಮೈಸೂರಿನ ಹೊಸ ಅರಮನೆ ಕಟ್ಟಿ ಮುಗಿಯುವ ಹೊತ್ತಿಗೆ ಮೈಸೂರಿಗೂ ಕರೆಂಟು ಬಂದಾಗಿತ್ತು. ಮಂಡ್ಯ ಸೀಮೆಯ ಎಷ್ಟೋ ಹಳ್ಳಿಗಳು ಮಾತ್ರ ಅದಾದ ಮೇಲೂ ದಶಕಗಟ್ಟಲೆ ಬುಡ್ಡಿ ದೀಪದಲ್ಲೇ ಉಂಡವು. ದೀಪದ ಬುಡದಲ್ಲಿ ಕತ್ತಲು ಅನ್ನೋ ಗಾದೆಗೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಗೊತ್ತಿಲ್ಲ. ಬಡವರ ಎಷ್ಟೋ ಮನೆಗಳಿಗೆ ಮೊದಲ ಬಲ್ಬು ಬಂದದ್ದು ಭಾಗ್ಯಜ್ಯೋತಿ ಯೋಜನೆಯಲ್ಲಿ, ಮನೆಗೆ ಒಂದೇ ಒಂದು. 1936ರಲ್ಲಿ ಶುರುವಾದ ಮೈಸೂರು ಲ್ಯಾಂಪ್ಸ್ ಬಲ್ಬು ನಮ್ಮ ಕಡೆ ಮನೆಮಾತಾಗಿತ್ತು. ಹೆಸರಷ್ಟೇ ಮೈಸೂರು, ಫ್ಯಾಕ್ಟರಿ ಇದ್ದದ್ದು ಬೆಂಗಳೂರಿನಲ್ಲಿ!

ಸರಿ, ಆ ಬಲ್ಬಿನಲ್ಲಿ ಏನು ಚೆನ್ನಾಗಿತ್ತು? ಕಾದ ವಸ್ತುವಿನ ಬೆಳಕಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣವೂ ಎಡೆಬಿಡದೆ ಇರುತ್ತದೆ. ನೀಲಿ ಕಮ್ಮಿ, ಕೆಂಪು ಧಾರಾಳ. ಅದಕ್ಕೇ ಅದರ ಕೆಳಗೆ ಕುಂಕುಮ ಕುಂಕುಮದ ಹಾಗೇ ಕಾಣುತ್ತಿತ್ತು, ಮನುಷ್ಯರ ಮುಖ ಲಕ್ಷಣವಾಗಿ ಕಾಣುತ್ತಿತ್ತು. ಇನ್ನೊಂದು ಗುಣ, ಅದು ಅಷ್ಟಾಗಿ ಮಿಟುಕುತ್ತಿರಲಿಲ್ಲ. ಕರೆಂಟು ಸೆಕೆಂಡಿಗೆ 100 ಸಲ ಏರಿ ಇಳಿದರೂ ಕಾದ ತಂತಿ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಆದ್ದರಿಂದ ಬೆಳಕು ಹೆಚ್ಚುಕಮ್ಮಿ ಸಮನಾಗಿರುತ್ತಿತ್ತು.

ದೋಷವೂ ಅಲ್ಲೇ ಇತ್ತು. ತಿಂದ ಕರೆಂಟಿನಲ್ಲಿ ನೂರಕ್ಕೆ ಐದರಷ್ಟು ಮಾತ್ರ ಬೆಳಕು, ಮಿಕ್ಕಿದ್ದೆಲ್ಲ ಶಾಖ. ಮನೆಯಲ್ಲಿ ಕೋಳಿಮರಿಗೆ ಕಾವು ಕೊಡೋಕೆ ಅದನ್ನು ಬಳಸುತ್ತಿದ್ದದ್ದು ಸುಮ್ನೆ ಅಲ್ಲ. ಆಯುಸ್ಸೂ ಕಮ್ಮಿ. 1924ರಲ್ಲಿ ದೊಡ್ಡ ದೊಡ್ಡ ಬಲ್ಬು ಕಂಪನಿಗಳು ಫೀಬಸ್ ಅನ್ನುವ ಒಕ್ಕೂಟ ಕಟ್ಟಿಕೊಂಡು ಯಾವ ಬಲ್ಬೂ 1000 ಗಂಟೆ ಮೀರಿ ಉರಿಯಬಾರದು ಅಂತ ಒಪ್ಪಂದ ಮಾಡಿಕೊಂಡಿದ್ದವು. ಮೀರಿದವರಿಗೆ ದಂಡ. ಪೂರ್ತಿ ಮೋಸ ಅನ್ನಲಾರೆ. ತಂತಿಯನ್ನು ಕಮ್ಮಿ ಕಾಯಿಸಿದರೆ ಬಹಳ ದಿನ ಬಾಳುತ್ತದೆ ನಿಜ, ಬೆಳಕು ಮಂಕು. ಆದರೂ ವ್ಯಾಪಾರದ ಬುದ್ಧಿ ವ್ಯಾಪಾರದ ಬುದ್ಧಿಯೇ ಅಲ್ವಾ?

ಕಾಯಿಸುವ ದಾರಿ ಬಿಟ್ಟದ್ದು ಟ್ಯೂಬ್‌ಲೈಟು. 1938ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಪಾದರಸದ ಆವಿ, ಕೊಳವೆಯ ಒಳಗೋಡೆಗೆ ಬಳಿದ ಪುಡಿ. ಕರೆಂಟು ಉಳಿಯಿತು. ಮುಖಗಳು ಬಿಳಿಚಿಕೊಂಡವು. ಸಿಎಫ್‌ಎಲ್ ಅದನ್ನೇ ಸುರುಳಿ ಸುತ್ತಿದ್ದು, ಅದರ ಬಗ್ಗೆ ಹೇಳೋಕೆ ಬೇರೇನೂ ಇಲ್ಲ.

ಎಲ್‌ಇಡಿ ಇನ್ನೂ ಬೇರೆ ಜಾತಿ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ನೀಲಿ ಬೆಳಕು ಪ್ರಖರವಾಗಿ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಒಂದು ನೀಲಿಗೆ ಇಷ್ಟೊಂದು ಯಾಕೆ ಅಂತೀರಾ? ನಿಮ್ಮ ಮನೆಯ ಬಿಳಿ ಬಲ್ಬಿನೊಳಗಿರುವುದು ನೀಲಿ ಎಲ್‌ಇಡಿಯೇ. ಅದರ ಮೇಲೆ ಹಳದಿ ಪುಡಿಯ ಲೇಪ. ನೀಲಿಯಲ್ಲಿ ಒಂದಿಷ್ಟು ಆ ಲೇಪ ದಾಟಿ ಬರುತ್ತದೆ, ಒಂದಿಷ್ಟು ಹಳದಿಯಾಗುತ್ತದೆ. ಎರಡೂ ಸೇರಿ ಕಣ್ಣಿಗೆ ಬಿಳಿ.

ಅತ್ತೆಯವರ ಸೀರೆಯ ಗುಟ್ಟು ಇಲ್ಲಿದೆ. ಅಗ್ಗದ ಎಲ್‌ಇಡಿಯಲ್ಲಿ ನೀಲಿ ಇದೆ, ಹಳದಿ ಇದೆ, ಕಡುಗೆಂಪು ತೀರಾ ಕಮ್ಮಿ. ದೀಪದಲ್ಲೇ ಇಲ್ಲದ ಕೆಂಪನ್ನು ಸೀರೆ ಎಲ್ಲಿಂದ ತೋರಿಸಬೇಕು? ಮೆರೂನ್ ಕಂದಾಗುತ್ತದೆ. ಹಳೇ ಸೋಡಿಯಂ ಬೀದಿದೀಪದ ಕೆಳಗೆ ಕೆಂಪು ಕಾರು ಯಾವುದು, ಕಪ್ಪು ಕಾರು ಯಾವುದು ಅಂತ ತಿಳಿಯುತ್ತಿರಲಿಲ್ಲ ನೆನಪಿದೆಯಾ? ಅದರದೇ ಸಣ್ಣ ರೂಪ ಇದು. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನೋದಕ್ಕೆ ಸಿಆರ್‌ಐ ಅಂತ ಒಂದು ಅಂಕವಿದೆ. ಹಳೇ ಬಲ್ಬಿಗೆ ಹೆಚ್ಚುಕಮ್ಮಿ ನೂರಕ್ಕೆ ನೂರು. ಸಾಮಾನ್ಯ ಎಲ್‌ಇಡಿಗೆ 80ರ ಆಸುಪಾಸು. ಒಳ್ಳೆಯದಕ್ಕೆ 90ರ ಮೇಲೆ. ಡಬ್ಬದ ಮೇಲೆ ಈ ಅಂಕ ಬರೆದೇ ಇಲ್ಲದಿದ್ದರೆ ಅದು ಕಮ್ಮಿ ಅಂತಲೇ ನಾನು ಲೆಕ್ಕ ಹಾಕುತ್ತೇನೆ. ಇನ್ನೊಂದು ಸಂಗತಿ: 90 ದಾಟಿದವುಗಳಲ್ಲೂ ಕಡುಗೆಂಪಿಗೆ ಆರ್9 ಅನ್ನೋ ಬೇರೆ ಅಂಕವಿದೆ. ಅದು 50ರ ಮೇಲಿದ್ದರೆ ರೇಷ್ಮೆಗೆ ಅನ್ಯಾಯವಾಗುವುದಿಲ್ಲ.

ಅಂಗಡಿಯಲ್ಲಿ ಅಂಕ ಯಾರೂ ಹೇಳುವುದಿಲ್ಲ ಅನ್ನುತ್ತೀರಿ. ನಾನು ಮಾಡುವ ಉಪಾಯ ಹೇಳುತ್ತೇನೆ. ದೇವರಾಜ ಮಾರುಕಟ್ಟೆಯಲ್ಲಿ ಬಣ್ಣಬಣ್ಣದ ಕುಂಕುಮವನ್ನು ಗೋಪುರದ ಹಾಗೆ ಒಟ್ಟಿರುತ್ತಾರಲ್ಲ, ಅಲ್ಲಿ ಕಡುಗೆಂಪಿನದು ಒಂದು ಚಿಟಿಕೆ, ಮೆರೂನಿನದು ಒಂದು ಚಿಟಿಕೆ ಕಟ್ಟಿಸಿಕೊಂಡೆ. ಬಿಳಿ ಕಾಗದದ ಮೇಲೆ ಅಕ್ಕಪಕ್ಕ ಅಂಟಿಸಿ ಜೇಬಿನಲ್ಲಿ ಇಟ್ಟಿದ್ದೇನೆ. ಬಲ್ಬು ಹೊತ್ತಿಸಿ ಅದರ ಕೆಳಗೆ ಕಾಗದ ಹಿಡಿದರೆ ಆಯಿತು. ಎರಡೂ ಬೇರೆ ಬೇರೆಯಾಗಿ, ಜೀವ ಇದ್ದ ಹಾಗೆ ಕಂಡರೆ ಬಲ್ಬು ಒಳ್ಳೆಯದು. ಎರಡೂ ಒಂದೇ ಕಂದಾದರೆ ವಾಪಸ್. ಕಾಗದ ಇಲ್ಲದಿದ್ದರೆ ನಿಮ್ಮ ಅಂಗೈ ಹಿಡಿಯಿರಿ. ಅಂಗೈ ಗುಲಾಬಿಯಾಗಿ ಕಾಣಬೇಕು, ಹೆಣದ ಕೈ ಥರ ಬೂದಿಯಾಗಬಾರದು. ಸೀರೆ ಕೊಳ್ಳುವಾಗಂತೂ ನಮ್ಮ ಅಜ್ಜಿಯರ ಕಾಲದ ಕ್ರಮವೇ ಸರಿ: ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ನೋಡಿ.

ಇನ್ನು ಮಾವನವರ ತಲೆನೋವು. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಆ ವಯಸ್ಸಿನಲ್ಲಿ ಪೊರೆ ಬಂದಿರಬಹುದು, ಕನ್ನಡಕದ ನಂಬರ್ ಬದಲಾಗಿರಬಹುದು. ಅದರ ಜೊತೆಗೆ ದೀಪವನ್ನೂ ಪರೀಕ್ಷೆ ಮಾಡಿ. ಎಲ್‌ಇಡಿಗೆ ತಂತಿಯ ಹಾಗೆ ಕಾವು ಹಿಡಿದಿಡುವ ಗುಣ ಇಲ್ಲ. ಕರೆಂಟು ಇಳಿದ ಕ್ಷಣವೇ ಬೆಳಕೂ ಇಳಿಯುತ್ತದೆ. ಒಳಗಿರುವ ಡ್ರೈವರ್ ಅನ್ನುವ ಸಣ್ಣ ಸರ್ಕಿಟ್ ಇದನ್ನು ಸಮ ಮಾಡಬೇಕು. ಅಗ್ಗದ ಬಲ್ಬಿನಲ್ಲಿ ಅಲ್ಲೇ ಕಾಸು ಉಳಿಸಿರುತ್ತಾರೆ. ಕಣ್ಣಿಗೆ ಮಿಟುಕು ಕಾಣುವುದಿಲ್ಲ, ಕೆಲವರಿಗೆ ತಲೆ ಮಾತ್ರ ಸಿಡಿಯುತ್ತದೆ. ರಾತ್ರಿ ಅದೊಂದೇ ದೀಪ ಹಾಕಿ, ಒಂದು ಪೊರಕೆ ಕಡ್ಡಿಯನ್ನು ಅದರ ಕೆಳಗೆ ಬೇಗ ಬೇಗ ಆಡಿಸಿ. ಕಡ್ಡಿ ಮಂಜಿನ ಹಾಗೆ ಒಂದೇ ಸಮ ಹರಡಿ ಕಂಡರೆ ದೀಪ ಸರಿ ಇದೆ. ಬೀಸಣಿಗೆಯ ಪಟ್ಟಿಗಳ ಹಾಗೆ ಬಿಡಿಬಿಡಿಯಾಗಿ ಹತ್ತಾರು ಕಡ್ಡಿ ಕಂಡರೆ ಆ ಬಲ್ಬನ್ನು ದನದ ಕೊಟ್ಟಿಗೆಗೆ ಸಾಗಹಾಕಿ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ಕಪ್ಪು ಪಟ್ಟಿಗಳು ಓಡಿದರೂ ಅದೇ ಅರ್ಥ.

ಓದುವವರಿಗೆ ಮನೆಯೆಲ್ಲ ಬೆಳಗುವ ದೀಪ ಬೇಕಿಲ್ಲ, ಪುಸ್ತಕದ ಮೇಲೆ ಬೆಳಕು ಬೇಕು. ವಯಸ್ಸಾದ ಹಾಗೆ ಕಣ್ಣಿನೊಳಕ್ಕೆ ಹೋಗುವ ಬೆಳಕೇ ಕಮ್ಮಿಯಾಗುತ್ತದೆ. ಇಪ್ಪತ್ತರ ಹುಡುಗನ ಕಣ್ಣೊಳಗೆ ಹೋಗುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಅರವತ್ತು ದಾಟಿದವರಿಗೆ. ಹಾಗಂತ ಸೂರಿಗೆ ದೊಡ್ಡ ಬಲ್ಬು ಹಾಕಿದರೆ ಕಣ್ಣು ಕುಕ್ಕುತ್ತದೆ ಅಷ್ಟೇ. ದೀಪವನ್ನು ಹತ್ತಿರ ತನ್ನಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಮಾವನವರು ಕೂರುವ ಕುರ್ಚಿಯ ಹಿಂದೆ, ಎಡಭುಜದ ಮೇಲಿಂದ ಬೀಳುವ ಹಾಗೆ ಒಂದು ಬಗ್ಗಿಸುವ ದೀಪ ಇಡಿ. 5 ಅಥವಾ 6 ವ್ಯಾಟಿನ ಒಳ್ಳೆಯ ಬಲ್ಬು ಸಾಕು. ಬಲ್ಬು ಅವರ ಕಣ್ಣಿಗೆ ನೇರವಾಗಿ ಕಾಣಬಾರದು.

ಆರು ತಿಂಗಳಿಗೆ ಬಲ್ಬು ಸಾಯುವ ಮಾತಿಗೆ ಬರೋಣ. ಸತ್ತ ಬಲ್ಬೊಂದನ್ನು ಸುಮ್ನೆ ಬಿಚ್ಚಿ ನೋಡಿ. ಹೋಲ್ಡರಿನಿಂದ ತೆಗೆದು, ಆಮೇಲೆ. ಪ್ಲಾಸ್ಟಿಕ್ ಗುಂಬಜನ್ನು ತಿರುಚಿ ಎಬ್ಬಿಸಿದರೆ ಒಂದು ದುಂಡನೆ ಬಿಳಿ ತಟ್ಟೆ, ಅದರ ಮೇಲೆ ಹಳದಿ ಚೌಕದ ಎಂಟು ಹತ್ತು ಎಲ್‌ಇಡಿ ಕಾಣುತ್ತವೆ. ಅದರಲ್ಲಿ ಒಂದರ ನಡುವೆ ಸಾಸಿವೆ ಸುಟ್ಟ ಹಾಗೆ ಕಪ್ಪು ಚುಕ್ಕೆ ಇರುತ್ತದೆ. ಸತ್ತಿರುವುದು ಅದೊಂದೇ. ಮದುವೆ ಮನೆಯ ಸೀರಿಯಲ್ ಸೆಟ್ ಹಾಗೆ ಇವು ಒಂದರ ಹಿಂದೆ ಒಂದು ಜೋಡಿಸಿರುವುದರಿಂದ, ಒಂದು ಹೋದರೆ ಎಲ್ಲವೂ ಹೋದ ಹಾಗೆ. ಚುಕ್ಕೆ ಕಾಣದಿದ್ದರೆ ಸಾಮಾನ್ಯವಾಗಿ ತಟ್ಟೆಯ ಕೆಳಗಿನ ಡ್ರೈವರ್ ಹೋಗಿರುತ್ತದೆ.

ಕಾರಣ ಶಾಖ. ಹಳೇ ಬಲ್ಬು ತನ್ನ ಕಾವನ್ನು ಬೆಳಕಿನ ಜೊತೆಗೇ ಹೊರಗೆ ಎಸೆದುಬಿಡುತ್ತಿತ್ತು. ಎಲ್‌ಇಡಿಯ ಬೆಳಕು ತಣ್ಣಗಿರುತ್ತದೆ, ಕಾವೆಲ್ಲ ಬುಡದಲ್ಲಿ ಕೂರುತ್ತದೆ. ಆ ಕಾವು ಹೊರಗೆ ಹೋಗಲು ಒಳಗೆ ಅಲ್ಯೂಮಿನಿಯಂ ಇರಬೇಕು. ಅದಕ್ಕೇ ಎರಡು ಬಲ್ಬು ಕೈಯಲ್ಲಿ ಹಿಡಿದು ತೂಗಿ ನೋಡಿ, ಭಾರದ್ದನ್ನು ತಗೊಳ್ಳಿ ಅನ್ನುತ್ತೇನೆ. ನೀವು ಗಾಳಿಯಾಡದ ಗಾಜಿನ ಗುಂಡಿನೊಳಗೆ, ಫಾಲ್ಸ್ ಸೀಲಿಂಗಿನ ತೂತಿನೊಳಗೆ ಬಲ್ಬು ಕೂರಿಸಿದ್ದರೆ ಎಷ್ಟೇ ಒಳ್ಳೆಯದು ತಂದರೂ ಬೇಯುತ್ತದೆ. ಡಬ್ಬದ ಮೇಲಿನ "25,000 ಗಂಟೆ" ಅನ್ನೋದನ್ನು ನಂಬಿ ಕೂರಬೇಡಿ. ಅದು ತಂಪಾದ ಜಾಗದ ಲೆಕ್ಕ. ಅದೂ ಬೆಳಕು ನೂರಕ್ಕೆ ಎಪ್ಪತ್ತಕ್ಕೆ ಇಳಿಯುವವರೆಗಿನ ಲೆಕ್ಕ.

ಆದರೆ ಮನೆಯ ಎಲ್ಲ ಬಲ್ಬೂ ಹೀಗೆ ಸಾಯುತ್ತಿದ್ದರೆ ನನ್ನ ಅನುಮಾನ ಬಲ್ಬಿನ ಮೇಲಲ್ಲ, ವೈರಿಂಗಿನ ಮೇಲೆ. ಹಳೇ ಮನೆಗಳಲ್ಲಿ ನ್ಯೂಟ್ರಲ್ ವೈರು ಮೀಟರ್ ಬೋರ್ಡಿನ ಹತ್ತಿರ ಸಡಿಲವಾಗಿರುತ್ತದೆ. ಮನೆಗೆ ತ್ರೀ ಫೇಸ್ ಇದ್ದರೆ ಇದು ಅಪಾಯ, 230 ವೋಲ್ಟ್ ಬರಬೇಕಾದ ಕಡೆ 300 ದಾಟಿ ಬರಬಹುದು. ಪಂಪ್‌ಸೆಟ್ಟು ಶುರುವಾದಾಗ ದೀಪ ಒಂದು ಕಡೆ ಮಂಕಾಗಿ ಇನ್ನೊಂದು ಕಡೆ ಪ್ರಕಾಶ ಆಗುತ್ತದೆಯಾ ನೋಡಿ. ಹಾಗೆ ಆಗುತ್ತಿದ್ದರೆ ತಡ ಮಾಡದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಕಂಬದ ಕಡೆಯ ತೊಂದರೆಯಾದರೆ ಕರೆಂಟು ಕಂಪನಿ ಚೆಸ್ಕಾಂಗೆ ಹೇಳಿ. ರಿಪೇರಿ ನಡೆಯುತ್ತಿರುವಾಗಲೇ ವೈರು ಬದಲಾಯಿಸಿ, ಬೋರ್ಡಿನಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜು ದಿಢೀರನೆ ನೆಗೆದರೆ ತಡೆಯುವ ಸಾಧನ) ಹಾಕಿಸಿಬಿಡಿ.

ಕೊಳ್ಳುವಾಗ ಡಬ್ಬದ ಮೇಲೆ ಬಿಐಎಸ್ ಗುರುತು, ಐಎಸ್ 16102 ಅಂತ, ಪಕ್ಕದಲ್ಲಿ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಲ್ ತಗೊಳ್ಳಿ. ನಾನೇ ಒಂದು ಸಲ ಎಡವಿದ್ದೇನೆ. ಛತ್ರವೊಂದಕ್ಕೆ ನಲವತ್ತು ಬಲ್ಬು ಬೇಕಿತ್ತು. ಅಂಗಡಿಯವರು "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ ಸಾರ್" ಅಂದರು, ನಾನೂ ಹೂಂ ಅಂದೆ. ವರ್ಷ ತುಂಬುವ ಮೊದಲು ಅರ್ಧಕ್ಕರ್ಧ ಹೋದವು. ವಾರಂಟಿ ಕೇಳೋಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಮಿಕ್ಕವನ್ನು ನನ್ನ ಕೈಯಿಂದಲೇ ಬದಲಾಯಿಸಿಕೊಟ್ಟೆ.

ಎಷ್ಟು ಬೆಳಕು ಬೇಕು ಅನ್ನೋದನ್ನು ಲುಮೆನ್‌ನಲ್ಲಿ ಕೇಳಿ. ಒಂದು ಮೇಣದಬತ್ತಿ ಸುಮಾರು 12 ಲುಮೆನ್. ಹಳೇ 60 ವ್ಯಾಟ್ ಬಲ್ಬು 700ರ ಮೇಲೆ. ಈಗಿನ 9 ವ್ಯಾಟ್ ಎಲ್‌ಇಡಿ 900ರ ಹತ್ತಿರ. ಬಿಳಿ ಗೋಡೆಯ ಕೋಣೆಗೆ ಚದರ ಅಡಿಗೆ ಸುಮಾರು 25 ಲುಮೆನ್ ನನ್ನ ಕೈಲೆಕ್ಕ. ಹತ್ತು ಹನ್ನೆರಡರ ಕೋಣೆಗೆ 3000. ನಿಮ್ಮದು ತೊಟ್ಟಿ ಮನೆ, ಮರದ ಸೂರು, ಕೆಂಪು ಗಾರೆ ನೆಲ ಇರಬೇಕು. ಇವೆರಡೂ ಬೆಳಕು ಕುಡಿದುಬಿಡುತ್ತವೆ. ಅಲ್ಲಿಗೆ ಒಂದೂವರೆ ಪಟ್ಟು ಬೇಕಾದೀತು. ಬಲ್ಬು ಹೆಚ್ಚಿಸುವ ಮೊದಲು ಗೋಡೆಗೆ ಸುಣ್ಣ ಹೊಡೆಸಿ, ಅದಕ್ಕಿಂತ ಅಗ್ಗದ ದೀಪ ಇಲ್ಲ.

ಬಣ್ಣದ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಕಮ್ಮಾರನ ಕುಲುಮೆ ನೆನೆಸಿಕೊಳ್ಳಿ. ಕಬ್ಬಿಣ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಹಳದಿ, ಆಮೇಲೆ ಬಿಳಿ. ಆ ಕಾವಿನ ಲೆಕ್ಕವೇ ಇದು. ಹಣತೆ 1900 ಕೆಲ್ವಿನ್ ಆಸುಪಾಸು, ಹಳೇ ಬಲ್ಬು 2700, ಅಂಗಡಿಯವರು ಕೇಳದೆ ಕೊಡುವ ನೀಲಿಬಿಳುಪಿನ ಬಲ್ಬು 6500. ನಮ್ಮ ಜನಕ್ಕೆ ಬಿಳಿ ಅಂದರೆ ಜಾಸ್ತಿ ಬೆಳಕು ಅನ್ನುವ ಭ್ರಮೆ. ದಸರಾದಲ್ಲಿ ಸುಮಾರು ಒಂದು ಲಕ್ಷ ಬಲ್ಬಿನಲ್ಲಿ ಹೊಳೆಯುವ ಅರಮನೆಗೆ 6500ರ ಬಲ್ಬು ಹಾಕಿ ಅಂತ ಊಹಿಸಿ. ಅರಮನೆ ಹೋಗಿ ಆಸ್ಪತ್ರೆ ಆಗುತ್ತದೆ. ನಿಮ್ಮ ಜಗಲಿ, ಪಡಸಾಲೆ, ಮಲಗುವ ಕೋಣೆ, ದೇವರ ಮನೆ ಎಲ್ಲಕ್ಕೂ 2700 ಅಥವಾ 3000 ಹಾಕಿ. ಅಡುಗೆಮನೆಗೆ 4000. ಅಲ್ಲಿ ದೀಪ ಬೆನ್ನ ಹಿಂದೆ ಇದ್ದರೆ ನಿಮ್ಮ ನೆರಳೇ ಈಳಿಗೆ ಮಣೆಯ ಮೇಲೆ ಬೀಳುತ್ತದೆ, ಕಪಾಟಿನ ಕೆಳಗೆ ಒಂದು ಪಟ್ಟಿ ದೀಪ ಹಾಕಿಸಿ. ತೊಟ್ಟಿಯ ಸುತ್ತ ಮಳೆ ನೀರು ಸಿಡಿಯುವ ಕಡೆಗೆ ಐಪಿ65 ಅಂತ ಬರೆದ ದೀಪವೇ ಆಗಬೇಕು. ಅತ್ತೆಯವರ ಬೀರು ಮತ್ತು ಕನ್ನಡಿ ಇರುವ ಕೋಣೆಗೆ ಮಾತ್ರ 90ರ ಸಿಆರ್‌ಐಗೆ ಪಟ್ಟು ಹಿಡಿಯಿರಿ. ಎಲ್ಲ ಕಡೆಗೂ ಅದೇ ಹಾಕಿ ದುಡ್ಡು ಸುರಿಯಬೇಕಿಲ್ಲ.

ಉಳಿದದ್ದು ಆ ಗ್ಯಾಸ್‌ಲೈಟು. ದಯವಿಟ್ಟು ಗುಜರಿಗೆ ಹಾಕಬೇಡಿ. ನಿಮ್ಮ ಊರಿನ ಕುರುಕ್ಷೇತ್ರ ನಾಟಕಗಳು ಬೆಳಗಾಗುವವರೆಗೆ ನಡೆದದ್ದು ಅಂಥ ದೀಪಗಳ ಬೆಳಕಿನಲ್ಲೇ ಇರಬೇಕು. ಅದರ ಮ್ಯಾಂಟಲ್ ಇದೆಯಲ್ಲ, ಬಲೆಯ ಚೀಲದ ಹಾಗಿರುವುದು, ಅದು 1880ರ ದಶಕದಲ್ಲಿ ಆಸ್ಟ್ರಿಯಾದ ವೆಲ್ಸ್‌ಬಾಕ್ ಕಂಡುಹಿಡಿದದ್ದು. ಬಟ್ಟೆ ಸುಟ್ಟುಹೋಗಿ ಥೋರಿಯಂ, ಸೀರಿಯಂ ಬೂದಿಯ ಬಲೆ ಉಳಿಯುತ್ತದೆ. ಬೆಳ್ಳಗೆ ಬೆಳಗುವುದು ಆ ಬೂದಿ. ಥೋರಿಯಂಗೆ ಸ್ವಲ್ಪ ವಿಕಿರಣ ಇದೆ. ಹೊರಗಿನಿಂದ ನೋಡಿದರೆ ಏನೂ ಆಗುವುದಿಲ್ಲ, ಪುಡಿ ಮೂಗಿಗೆ ಬಾಯಿಗೆ ಹೋಗಬಾರದು. ಹಳೇ ಮ್ಯಾಂಟಲ್ ಇನ್ನೂ ನೇತಾಡುತ್ತಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೇಲೆ ನೀರು ಚಿಮುಕಿಸಿ, ಪ್ಲಾಸ್ಟಿಕ್ ಕವರಿನೊಳಗೆ ಬೀಳಿಸಿ ಗಂಟು ಹಾಕಿ. ಮಕ್ಕಳ ಕೈಗೆ ಕೊಡಬೇಡಿ. ಟ್ಯಾಂಕಿನಲ್ಲಿ ಸೀಮೆಎಣ್ಣೆ ಉಳಿದಿದ್ದರೆ ಖಾಲಿ ಮಾಡಿ. ಆಮೇಲೆ ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕಿ, ಮ್ಯಾಂಟಲ್ ಇದ್ದ ಜಾಗಕ್ಕೆ ಒಂದು ಹೋಲ್ಡರ್ ಕೂರಿಸಿ 3 ವ್ಯಾಟಿನ 2700 ಕೆಲ್ವಿನ್ ಬಲ್ಬು ಹಾಕಿ ಜಗಲಿಗೆ ತೂಗುಹಾಕಿ. ಹಿತ್ತಾಳೆಯ ಮೈ ಆದ್ದರಿಂದ ಅರ್ಥ್ ವೈರು ಕೊಡಿಸುವುದನ್ನು ಮರೆಯಬೇಡಿ.